ಸೇನಾಪತಿ ಒತ್ತಿದ ತಿದಿ

ಇದು ಹೋದ ವರ್ಷ ಮೇ ತಿಂಗಳ ಕೊನೆಯ ವಾರ ನಡೆದದ್ದು. ಬಿತ್ತನೆಗೆ ನಾಲ್ಕೇ ದಿನ ಉಳಿದಿತ್ತು. ನಮ್ಮೂರ ಕಮ್ಮಾರನ ಮುಂದೆ ರೈತರ ನೇಗಿಲ ಗುಳಗಳು ರಾಶಿ ಬಿದ್ದಿದ್ದವು. ಅವನ್ನು ಮುಟ್ಟಲು ಅವನಿಗೆ ಪುರುಸೊತ್ತಿರಲಿಲ್ಲ. ಕಂಟ್ರಾಕ್ಟರ್ ಮಹಾರುದ್ರಗೌಡರು ಊರ ನಾಟಕದಲ್ಲಿ ರೋಮನ್ ಸೇನಾಪತಿ. ಆ ವೇಷಕ್ಕೆ ಮಾಡಿಸಿದ ಗಿಡ್ಡ ಕತ್ತಿ ಸರಿಯಿಲ್ಲವೆಂದು ಮೂರು ಸಲ ವಾಪಸ್ ಬಂದಿತ್ತು. ಕುಲುಮೆಯ ಜಾಗ ಗೌಡರದು, ಆಗದು ಅನ್ನುವಂತಿರಲಿಲ್ಲ.

ನಾಲ್ಕನೇ ಸಲ ಬೆಳಿಗ್ಗೆಯೇ ಬಂದು ಕತ್ತಿ ಎಸೆದರು.

"ಇನ್ನೊಂದು ಬೆರಳು ಗಿಡ್ಡ ಆಗಬೇಕು. ಇಲ್ಲೇ ನಿಂತಿರ್ತೀನಿ, ಈಗ್ಲೇ ಮಾಡು."

"ಮಾಡ್ತೀನ್ರಿ ಗೌಡ್ರ. ಆದ್ರ ಕೆಲಸ ತಂದವ್ರೇ ತಿದಿ ಒತ್ತಬೇಕು. ಎಲ್ಲಾರೂ ಒತ್ತತಾರ."

"ನಾ ಸೇನಾಪತಿ ಅದೀನೋ!"

"ಅದಕ್ಕ ಬೆಂಕಿ ಜೋರು ಬೇಕ್ರಿ."

ಕಾದು ಕೂತಿದ್ದ ರೈತರು ನಕ್ಕರು. ಗೌಡರು ಪಂಚೆ ಎತ್ತಿ ಕಟ್ಟಿ ತಿದಿ ಒತ್ತಿ ಕುಲುಮೆಗೆ ಗಾಳಿ ಊದತೊಡಗಿದರು. ಕಮ್ಮಾರ ಬೆಂಕಿಗೆ ಒಂದು ಗುಳ ಇಟ್ಟ.

"ನನ್ನ ಕತ್ತಿ?"

"ಅದು ನಾಜೂಕು ರೀ. ಬೆಂಕಿ ಹದಕ್ಕ ಬಂತೋ ಇಲ್ಲೋ ಅಂತ ಮೊದಲು ಗುಳ ಇಟ್ಟು ನೋಡ್ಬೇಕು."

ಗುಳ ಕೆಂಪಾಯಿತು. ತೆಗೆದು, ಬಡಿದು, ನೀರಿಗೆ ಅದ್ದಿದ. ತಲೆ ಅಲ್ಲಾಡಿಸಿದ.

"ಇನ್ನೂ ಹದ ಬಂದಿಲ್ರಿ. ಒತ್ತರಿ."

ಮತ್ತೊಂದು ಗುಳ ಇಟ್ಟ. ಆಮೇಲೆ ಮತ್ತೊಂದು.

ಮಧ್ಯಾಹ್ನದ ಹೊತ್ತಿಗೆ ಗೌಡರ ಮೀಸೆಯಲ್ಲಿ ಮಸಿ, ಅಂಗೈಯಲ್ಲಿ ಬೊಬ್ಬೆ. ಎದ್ದವರೇ ಕತ್ತಿ ಹಿಡಿದು ನೋಡಿದರು.

"ಸರಿ ಐತಿ ಬಿಡು. ರೋಮಿನಾಗ ಇಷ್ಟೇ ಇರ್ತಿತ್ತು."

"ಒಂದು ಬೆರಳು ರೀ? ನಾಳೆ ಬರ್ರಿ, ತಿದಿ ಖಾಲಿ ಇರ್ತದ."

"ಬ್ಯಾಡಂದೆ!"

ಕತ್ತಿ ಬೆಂಕಿಯನ್ನೇ ಕಂಡಿರಲಿಲ್ಲ. ಅಷ್ಟರಲ್ಲಿ ಸಿದ್ಧವಾದ ಗುಳಗಳು ಹದಿಮೂರು.