ಹಗಲನ್ನು ಬಲ್ಲ ಕಣ್ಣು

“ಮತ್ತೆ ಕರೆದಿರಾ? ನಾನು ಜಪಕ್ಕೆ ಕೂತರೆ ಸಾಕು, ನಿಮಗೆ ನನ್ನ ಹೆಸರು ನೆನಪಾಗಿಬಿಡುತ್ತೆ!”

ದಾಕ್ಷಾಯಿಣಿ ಸಿಡುಕುತ್ತಲೇ ಮಣೆಯಿಂದ ಎದ್ದಳು. ಹೊಳೆದಂಡೆಯ ಆ ಆಶ್ರಮದಲ್ಲಿ ಇದ್ದವರು ಇಬ್ಬರೇ: ಗುರು ಬಸಲಿಂಗಮ್ಮ, ಶಿಷ್ಯೆ ಇವಳು.

“ಬೆಳಗಾಯಿತು ಕಣೇ. ನನ್ನನ್ನು ಬಿಸಿಲಿಗೆ ಕೂರಿಸು,” ಎಂದರು ಬಸಲಿಂಗಮ್ಮ.

ಅವರಿಗೆ ಕಣ್ಣು ಕಾಣದೆ ವರ್ಷಗಳೇ ಆಗಿದ್ದವು. ಈಚೆಗೆ ಎರಡೂ ಕಣ್ಣು ವಿಪರೀತ ನೋಯುತ್ತಿದ್ದವು. ನೋವು ತಾಳಲಾಗದಿದ್ದರೆ ಕಣ್ಣುಗಳನ್ನೇ ತೆಗೆಯಬಹುದು, ಯೋಚಿಸಿ ಹೇಳಿ ಎಂದಿದ್ದಳು ಪೇಟೆಯ ಡಾಕ್ಟರಮ್ಮ. ಅವಳು ಅಂದು ಸಂಜೆ ಉತ್ತರ ಕೇಳಲು ಬರುವವಳಿದ್ದಳು.

ದಾಕ್ಷಾಯಿಣಿ ಕೈಹಿಡಿದು ಅವರನ್ನು ಅಂಗಳಕ್ಕೆ ಕರೆತಂದಳು.

“ತೆಗೆಸಿಬಿಡಿ ಅಮ್ಮ. ನೀವು ನರಳೋದನ್ನು ನನ್ನಿಂದ ಕೇಳೋಕಾಗಲ್ಲ. ಉಪಯೋಗವಿಲ್ಲದ ಕಣ್ಣು ಇದ್ದು ಏನು ಮಾಡಬೇಕು?”

“ಬೆಳಗಾಯಿತು ಅಂತ ನನಗೆ ಹೇಳಿದ್ದು ಯಾರು?”

“ಕೋಳಿ.”

ಬಸಲಿಂಗಮ್ಮ ನಕ್ಕರು. “ಕೋಳಿ ಕೂಗಿದ್ದು ಕಿವಿಗೆ. ಮೈಗೆ ಹೇಳಿದ್ದು ಇವೇ ಕಣ್ಣು. ಡಾಕ್ಟರಮ್ಮ ಹೇಳಿದಳು, ಕಣ್ಣೊಳಗೆ ನೋಡುವ ಜೀವಕಣಗಳು ಸತ್ತಿವೆಯಂತೆ. ಬೇರೆ ಕೆಲವು ಇನ್ನೂ ಬದುಕಿವೆಯಂತೆ. ಅವು ಏನನ್ನೂ ತೋರಿಸೋದಿಲ್ಲ. ಬೆಳಕು ಬಿದ್ದರೆ ಹಗಲಾಯಿತು ಅಂತ ಮೈಗೆ ತಿಳಿಸುತ್ತವೆ, ಅಷ್ಟೆ. ಕಣ್ಣು ತೆಗೆಸಿದರೆ ಅವೂ ಹೋದವು.”

“ಕಾಣೋದಿಲ್ಲ, ಆದರೆ ಗೊತ್ತಾಗುತ್ತೆ? ನನ್ನ ತಲೆ ಕೆಟ್ಟುಹೋಯ್ತು.”

“ಇನ್ನಷ್ಟು ಕೆಡಿಸಲೇ? ಸೆರೊಟೋನಿನ್ ಅಂತ ಒಂದು ರಾಸಾಯನಿಕ ಇದೆಯಂತೆ ನಮ್ಮೊಳಗೆ. ಮನಸ್ಸಿನ ಏರಿಳಿತದಲ್ಲಿ ಅದರ ಕೈಯಿದೆ. ಕಣ್ಣಿನ ಆ ಕಣಗಳು ಬೆಳಕಿಗೆ ಎಷ್ಟು ಓಗೊಡಬೇಕು ಅನ್ನೋದರಲ್ಲೂ ಅದರ ಕೈಯಿದೆಯಂತೆ.”

“ಹಾಗಾದರೆ ಬೆಳಕು ಮನಸ್ಸನ್ನು ಆಡಿಸುತ್ತೋ, ಮನಸ್ಸೇ ಬೆಳಕನ್ನು ಅಳೆದು ಒಳಗೆ ಬಿಡುತ್ತೋ?”

“ನಾನೂ ಅದನ್ನೇ ಕೇಳಿದೆ. ಎರಡೂ ಇರಬಹುದು ಅಂದಳು ಡಾಕ್ಟರಮ್ಮ.”

ದಾಕ್ಷಾಯಿಣಿ ಅವರ ಪಕ್ಕದಲ್ಲಿ ಕೂತಳು. ಎಲ್ಲವೂ ಗೋಜಲು. ಮೆಲ್ಲಗೆ ಅಂದಳು:

“ನನಗೆ ಎಲ್ಲ ಕಾಣುತ್ತೆ ಅಮ್ಮ. ಹೊಳೆ, ಮರಳು, ನಿಮ್ಮ ಹರಿದ ಸೆರಗು ಕೂಡ. ಆದರೂ ಈಚೆಗೆ ಒಂದು ದಿನವೂ ಬೆಳಗಾಯಿತು ಅನ್ನಿಸಿಲ್ಲ. ಯಾಕೋ ಗೊತ್ತಿಲ್ಲ.”

ಬಸಲಿಂಗಮ್ಮ ಕುರುಡು ಕಣ್ಣುಗಳನ್ನು ಬಿಸಿಲಿಗೆ ಅರಳಿಸಿದರು. ನೋವಿಗೆ ಕೆನ್ನೆ ಅದುರಿತು. ಮುಖ ಮಾತ್ರ ತಿರುಗಿಸಲಿಲ್ಲ.

“ಈಗಲಾದರೂ ಒಂದು ತೀರ್ಮಾನ ಹೇಳಿ. ಸಂಜೆ ಡಾಕ್ಟರಮ್ಮನಿಗೆ ಏನನ್ನಲಿ?” ದಾಕ್ಷಾಯಿಣಿ ಕೇಳಿದಳು.

“ಉಪಯೋಗವಿಲ್ಲದ ಕಣ್ಣು ತೆಗೆಸಬೇಕು ಅಂದವಳು ನೀನು. ನೀನೇ ಹೇಳು ಮಗಳೇ, ನಮ್ಮಿಬ್ಬರಲ್ಲಿ ಯಾರದನ್ನು ತೆಗೆಸೋಣ?”