ಕಿಟ್ಟದ ದಾರಿ

ಹೊಳೆಯ ದಂಡೆಯ ಮೇಲೆ ಒಂದು ಮಠ. ಮಠದಲ್ಲಿ ಮುಪ್ಪಯ್ಯಜ್ಜ ಮತ್ತು ಅವರ ಶಿಷ್ಯ ಹಾಲಪ್ಪ. ಮಠದಿಂದ ಒಂದು ಮೈಲಿ ದೂರದಲ್ಲಿ ಉಕ್ಕಿನ ಕಾರ್ಖಾನೆ.

ಹಾಲಪ್ಪ ಆ ಕಾರ್ಖಾನೆಯ ಕುಲುಮೆಯಲ್ಲಿ ಹನ್ನೆರಡು ವರ್ಷ ದುಡಿದವನು. ಅವನ ತಮ್ಮನೂ ಅಲ್ಲೇ ಇದ್ದ. ಒಂದು ದಿನ ಕುಲುಮೆ ಉಕ್ಕಿ ತಮ್ಮ ಸತ್ತ. ತಮ್ಮನನ್ನು ಮಣ್ಣು ಮಾಡಿದ ಹಾಲಪ್ಪ ಮನೆಗೆ ಹೋಗಲಿಲ್ಲ, ನೇರ ಮಠಕ್ಕೆ ಬಂದ.

ತಮ್ಮನ ಹೆಂಡತಿ ಶರಣವ್ವ ಎರಡು ಸಲ ಮಠದವರೆಗೂ ಬಂದಿದ್ದಳು. ತನ್ನ ಗಂಡ ಹೇಗೆ ಸತ್ತನೆಂದು ಅವಳಿಗೆ ತಿಳಿಯಬೇಕಿತ್ತು. ಎರಡು ಸಲವೂ ಹಾಲಪ್ಪ ಒಳಗೆ ಅಡಗಿ ಕೂತ.

"ಅಜ್ಜಾರ, ನನಗ ದೀಕ್ಷಾ ಕೊಡ್ರಿ" ಎಂದು ಒಂದು ದಿನ ಕೇಳಿದ. "ದೀಕ್ಷಾ ಆದ್ರ ಹಳೇ ಹೆಸರು ಹೋಗತೈತಿ, ಹಳೇ ಸಂಬಂಧ ಹೋಗತೈತಿ."

ಅಜ್ಜ ಅಂಗಳದಾಚೆಯ ಮಣ್ಣಿನ ದಾರಿಯತ್ತ ಕೈ ತೋರಿಸಿದರು.

"ಮಳಿಗಾಲದಾಗ ಮಠದ ದಾರಿ ಕೆಸರಾಗತೈತಿ. ಜಡ್ಡಾದವರು ಬರಾಕ ಆಗೂದಿಲ್ಲ. ಮೊದಲು ದಾರಿ ಮಾಡು."

"ಗುಡ್ಡ ಒಡೆದು ಜಲ್ಲಿ ತರಸ್ತೀನ್ರಿ."

"ಗುಡ್ಡ ಯಾಕ ಒಡೀತಿ? ಕಾರ್ಖಾನಿಯವರು ಚೆಲ್ಲಿದ್ದು ಬೆಟ್ಟದಷ್ಟು ಬಿದ್ದೈತಿ. ಅದನ್ನ ತಗೊಂಡು ಬಾ."

ಕಬ್ಬಿಣ ಕರಗಿಸಿದ ಮೇಲೆ ಉಳಿಯುವ ಕಿಟ್ಟ ಅದು. ಯಾರಿಗೂ ಬೇಡವಾದದ್ದು. ಹಾಲಪ್ಪ ಅದನ್ನು ಗಾಡಿಯಲ್ಲಿ ಹೇರಿ ತಂದ, ಒಡೆದ, ಕಾಸಿದ, ಡಾಂಬರಿನಲ್ಲಿ ಕಲಸಿದ. ಒಬ್ಬನೇ ಹಾಸಿದ, ಒಬ್ಬನೇ ರೋಲರ್ ಎಳೆದ. ಅಂಗೈಯಲ್ಲಿ ಬೊಬ್ಬೆ ಎದ್ದವು. ನಲವತ್ತು ದಿನದಲ್ಲಿ ದಾರಿ ಮುಗಿಯಿತು, ಕಪ್ಪಗೆ, ನುಣ್ಣಗೆ. ನಿಜಕ್ಕೂ ಚೆಂದ ಇತ್ತು.

"ಮುಗೀತ್ರಿ ಅಜ್ಜಾರ. ಇನ್ನ ದೀಕ್ಷಾ?"

"ಒಂದು ಮಳಿ ಆಗಲಿ" ಎಂದರು ಅಜ್ಜ.

ಮಳೆ ಬಂತು. ವಾರವಿಡೀ ಹೊಡೆಯಿತು.

ಮಳೆ ನಿಂತ ಬೆಳಿಗ್ಗೆ ಅಜ್ಜ ಬರಿಗಾಲಲ್ಲಿ ಹೊಳೆಗೆ ಹೊರಟರು. ದಾರಿ ಅಲ್ಲಲ್ಲಿ ಉಬ್ಬಿ, ಬಿರುಕು ಬಿಟ್ಟಿತ್ತು. ಅಜ್ಜ ಎಡವಿ ಬಿದ್ದರು. ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬಂತು.

ಹಾಲಪ್ಪ ಓಡಿ ಬಂದ. ಅವನ ಮುಖ ಸುಣ್ಣದಂತಾಗಿತ್ತು.

ಅಜ್ಜ ಅಲ್ಲೇ ಕೂತರು. "ಹಾರಿ ತಗೊಂಡು ಬಾ. ಈ ಉಬ್ಬು ಬಿಚ್ಚು."

ಹಾಲಪ್ಪ ಹಾರೆ ಹಾಕಿ ಎಬ್ಬಿಸಿದ. ಕಪ್ಪು ಡಾಂಬರಿನ ಕೆಳಗೆ ಕಿಟ್ಟ ಸೀಳಿ ಬಿಳಿ ಹಿಟ್ಟು ಹೊರಬಿದ್ದಿತ್ತು.

"ಏನಿದು?"

"ಸುಣ್ಣ ರೀ. ಕುಲುಮ್ಯಾಗ ಕಬ್ಬಿಣದ ಕೂಡ ಹಾಕಿದ್ದು, ಕರಗದೆ ಕಿಟ್ಟದಾಗ ಉಳಿದೈತಿ. ನೀರು ತಾಗಿದ್ರ ಉಬ್ಬತೈತಿ."

"ನಿನಗ ಗೊತ್ತಿತ್ತೇನು?"

ಹಾಲಪ್ಪ ತಲೆ ತಗ್ಗಿಸಿದ. "ಗೊತ್ತಿತ್ರಿ."

"ಗೊತ್ತಿದ್ದವರು ಏನು ಮಾಡ್ತಾರ?"

"ಕಿಟ್ಟಾನ ಬಯಲಿಗೆ ಹಾಕಿ ವರ್ಷಾನುಗಟ್ಟಲೆ ಬಿಡ್ತಾರ್ರಿ. ಮಳಿ ಬೀಳಬೇಕು, ಬಿಸಿಲು ಬೀಳಬೇಕು, ಮ್ಯಾಲೆ ನೀರು ಹೊಡೀತಿರಬೇಕು. ಉಬ್ಬೂದೆಲ್ಲಾ ಅಲ್ಲೇ ಉಬ್ಬಿ ಮುಗೀಬೇಕು. ಆಮ್ಯಾಲೆ ಡಾಂಬರು. ಹಂಗ ಬಿಟ್ಟ ಹಳೇ ರಾಶಿನೂ ಅಲ್ಲಿತ್ತು. ಸ್ವಲ್ಪ ದೂರಿತ್ತು. ನಾನು ಹೋದ ತಿಂಗಳು ಸುರಿದ ಹಸಿ ರಾಶಿ ತಂದೆ."

"ಯಾಕ?"

"ಲಗೂನ ಮುಗಿಸಬೇಕಾಗಿತ್ರಿ."

"ಯಾಕ?"

ಹಾಲಪ್ಪ ಹಾರೆ ಕೆಳಗಿಟ್ಟ. ಅಜ್ಜನ ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಲೇ ಇತ್ತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ.

"ಅವತ್ತು ಪಾಳಿ ನಂದಿತ್ರಿ" ಎಂದ ಕೊನೆಗೆ. "ನನಗ ನಿದ್ದಿ ಬಂದಿತ್ತು. ನೀ ಹೋಗೋ ಅಂತ ತಮ್ಮನ್ನ ಕಳಿಸಿದೆ. ನಾನು ಎದ್ದಾಗ ಅವನು ಇರಲಿಲ್ಲ. ಇದು ಯಾರಿಗೂ ಗೊತ್ತಿಲ್ಲ."

ಇಷ್ಟು ಹೇಳಿ ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅಜ್ಜನ ಕಣ್ಣೂ ತುಂಬಿದವು. ಅವರು ಅವನ ಬೆನ್ನ ಮೇಲೆ ಕೈಯಿಟ್ಟರು.

ಸ್ವಲ್ಪ ಹೊತ್ತಿನ ಮೇಲೆ ಹಾಲಪ್ಪ ಕಣ್ಣೊರೆಸಿಕೊಂಡು ಹಾರೆ ಎತ್ತಿದ.

"ಪೂರಾ ದಾರಿ ಕಿತ್ತು ಹಾಕ್ತೀನ್ರಿ. ಹಳೇ ರಾಶಿಯ ಕಿಟ್ಟ ತಂದು ಮೊದಲಿಂದ ಹಾಸ್ತೀನಿ. ಎಷ್ಟು ದಿನ ಹಿಡಿದ್ರೂ ಹಿಡೀಲಿ. ಅದಾದ ಮ್ಯಾಲಾದ್ರೂ ನನಗ ದೀಕ್ಷಾ ಕೊಡ್ತೀರೇನು?"

ಅಜ್ಜ ಅವನ ಕೈಯಿಂದ ಹಾರೆ ತೆಗೆದುಕೊಂಡು ಪಕ್ಕಕ್ಕಿಟ್ಟರು.

"ಶರಣವ್ವ ಇವತ್ತೂ ಬಂದಾಳ. ಅಲ್ಲಿ ನೋಡು, ಹೊಳಿ ಮೆಟ್ಟಿಲ ಮ್ಯಾಲೆ ಕುಂತಾಳ. ಹೋಗು, ನನಗ ಹೇಳಿದ್ದನ್ನ ಆಕಿಗೆ ಹೇಳು. ಆಕಿ ಅತ್ತು ಮುಗಿಸೂತನಕ ಅಲ್ಲಿಂದ ಏಳಬ್ಯಾಡ."