ಹನಿ ಚೆಲ್ಲದ ಬಟ್ಟಲು

"ಗುರುಗಳೇ, ಒಂದು ತಪ್ಪೂ ಬಾರದ ಹಾಗೆ ಮಾತಾಡುವುದನ್ನು ನನಗೆ ಯಾವಾಗ ಕಲಿಸುತ್ತೀರಿ?"

ಕೇಳಿದವನು ಚೆನ್ನಮಲ್ಲ. ಮಠದಲ್ಲಿ ಅವನಷ್ಟು ಪಾಠ ಒಪ್ಪಿಸಬಲ್ಲವರು ಬೇರೆ ಯಾರೂ ಇರಲಿಲ್ಲ. ಗುರುಗಳು ಬೆಳಿಗ್ಗೆ ಹೇಳಿದ್ದನ್ನು ಸಂಜೆಗೆ ಒಂದಕ್ಷರ ಬಿಡದೆ ತಿರುಗಿ ಹೇಳುತ್ತಿದ್ದ. ಇದು ಅವನಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ತಿಳಿಸುತ್ತಿದ್ದ.

ಹಿಂದಿನ ದಿನ ಗುರುಗಳು ಅವನನ್ನು ಮೊದಲ ಸಲ ಒಬ್ಬನನ್ನೇ ಪಕ್ಕದ ಹಳ್ಳಿಗೆ ಕಳಿಸಿದ್ದರು. ಅವನು ಮೋಹ ಬಿಡುವುದರ ಬಗ್ಗೆ ಮಾತಾಡಿದ. ಜನ ತಲೆದೂಗಿದರು. ಆಮೇಲೆ ಒಬ್ಬ ಮುದುಕಿ ಎದ್ದು ನಿಂತು, "ಸ್ವಾಮಿ, ನನ್ನ ಎಮ್ಮೆ ಸತ್ತು ಮೂರು ದಿನ ಆಯಿತು. ಕೊಟ್ಟಿಗೆ ಕಡೆ ಕಾಲೇ ಹೋಗುತ್ತಿಲ್ಲ. ಏನು ಮಾಡಲಿ?" ಎಂದು ಕೇಳಿದಳು. ಅದು ಪಾಠದಲ್ಲಿ ಇರಲಿಲ್ಲ. ಚೆನ್ನಮಲ್ಲ ತಡವರಿಸಿ, "ಇನ್ನೊಂದು ಎಮ್ಮೆ ತಂದು ಕಟ್ಟಿ," ಎಂದುಬಿಟ್ಟ. ಜನ ನಕ್ಕರು. ಮುದುಕಿ ನಗಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಟುಹೋದಳು.

"ಎಲ್ಲ ಪ್ರಶ್ನೆಗೂ ಉತ್ತರ ಹೇಳಿಕೊಟ್ಟ ಮೇಲೆ ಕಳಿಸಿ," ಎಂದ ಚೆನ್ನಮಲ್ಲ. "ಅಲ್ಲಿಯವರೆಗೆ ನಾನು ಆ ಊರಿನ ದಾರಿ ತುಳಿಯುವುದಿಲ್ಲ."

ಗುರುಗಳು ಕಣ್ಣು ಮುಚ್ಚಿಕೊಂಡರು. ಕಣ್ಣು ತೆರೆಯದೆಯೇ ಒಂದು ಕಥೆ ಹೇಳತೊಡಗಿದರು.

ಒಬ್ಬ ಕುಂಬಾರನಿದ್ದ. ಸುತ್ತಿನ ಹತ್ತು ಊರಲ್ಲಿ ಅವನಂಥ ಕೈ ಇನ್ನೊಂದಿರಲಿಲ್ಲ. ಇದು ಹೊಗಳಿಕೆಯಲ್ಲ, ಇದ್ದ ಸಂಗತಿ. ಆ ಸೀಮೆಯ ಸಂತೆಯಲ್ಲಿ ಜನ ಗಡಿಗೆಯನ್ನು ಬಡಿದು ನೋಡಿ ಕೊಳ್ಳುತ್ತಿರಲಿಲ್ಲ. ನೀರು ತುಂಬಿ, ಬಗ್ಗಿಸಿ ನೋಡುತ್ತಿದ್ದರು. ನೀರು ಒಂದೇ ಧಾರೆಯಾಗಿ ಬೀಳಬೇಕು. ಹೊರಮೈಗೆ ಒಂದು ಹನಿ ಇಳಿದರೂ ಅದನ್ನು ಅಲ್ಲೇ ಇಟ್ಟು ಮುಂದೆ ಹೋಗುತ್ತಿದ್ದರು. ಚೆಲ್ಲಿದರೆ ತಪ್ಪು ಪಾತ್ರೆಯದು, ಹಿಡಿದ ಕೈಯದಲ್ಲ. ಅದು ಅಲ್ಲಿಯ ನಿಯಮ.

ಈ ಕುಂಬಾರನ ಗಡಿಗೆಯಿಂದ ಹೊರಮೈಗೆ ಹನಿ ಇಳಿದದ್ದನ್ನು ಕಂಡವರಿಲ್ಲ. ತಿರುಗುವ ತಿಗರಿಯ ಮೇಲೆ ಗಡಿಗೆ ಎದ್ದ ಮೇಲೆ ಅವನು ಒಂದು ಒದ್ದೆ ಬಟ್ಟೆಯ ತುಂಡಿನಿಂದ ಅದರ ಬಾಯಂಚನ್ನು ನೇವರಿಸುತ್ತಿದ್ದ. ಗುಟ್ಟೆಲ್ಲ ಆ ಬಟ್ಟೆಯಲ್ಲಿದೆ ಎಂದು ಜನ ಹೇಳುತ್ತಿದ್ದರು. ಅವನು ಇಲ್ಲವೆನ್ನುತ್ತಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಹುಟ್ಟಿದ ಮೂರನೆಯ ತಿಂಗಳಲ್ಲಿ ತಾಯಿಗೆ ಜ್ವರ ಬಂದು ಎದೆಹಾಲು ಬತ್ತಿತು. ಬಾಟಲಿಯಲ್ಲಿ ಹಾಲು ಕೊಟ್ಟರು. ಮಗು ಬದುಕಿತು. ಎರಡು ವರ್ಷ ತುಂಬಿತು, ಬಾಟಲಿ ಬಿಡಲಿಲ್ಲ. ರಬ್ಬರಿನ ತೊಟ್ಟು ಬಾಯಿಗೆ ಬಂದರೆ ಅವಳ ಕಣ್ಣು ಅರ್ಧ ಮುಚ್ಚುತ್ತಿತ್ತು. ಆ ಅರ್ಧಗಣ್ಣಿನಿಂದ ತಿಗರಿ ತಿರುಗುವುದನ್ನು ನೋಡುತ್ತ, ಎಚ್ಚರಕ್ಕೂ ನಿದ್ದೆಗೂ ನಡುವಿನ ಯಾವುದೋ ಒಂದು ಜಾಗದಲ್ಲಿ ದಿನವೆಲ್ಲ ಇರುತ್ತಿದ್ದಳು. ಅನ್ನ ತೋರಿಸಿದರೆ ಮುಖ ತಿರುಗಿಸುವಳು. ಮುದ್ದೆ ತೋರಿಸಿದರೆ ತುಟಿ ಬಿಗಿಯುವಳು. ತಾಯಿ ತೊಟ್ಟಿಗೆ ಬೇವಿನ ರಸ ಸವರಿದಳು. ಮಗು ಮುಖ ಕಿವುಚಿತು, ಮತ್ತೆ ಚೀಪಿತು. ವಾರ ಕಳೆಯುವಷ್ಟರಲ್ಲಿ ಬೇವಿಲ್ಲದಿದ್ದರೆ ಅಳತೊಡಗಿತು.

ಆಮೇಲೆ ಅವಳ ನಡಿಗೆ ಕಡಿಮೆಯಾಯಿತು. ಮೊದಲೆಲ್ಲ ಅಪ್ಪನ ಹಿಂದೆ ಕೆರೆಯ ಮಣ್ಣುಗುಂಡಿಯ ತನಕ ಬರುತ್ತಿದ್ದವಳು, ಈಗ ಬಾಗಿಲು ದಾಟಿ ಎಂಟು ಹೆಜ್ಜೆ ಇಟ್ಟು ಕೂತುಬಿಡುತ್ತಿದ್ದಳು. ಊರಿಗೆ ಬಂದ ನರ್ಸಮ್ಮ ಮಗುವಿನ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಅಕ್ಕಿಹಿಟ್ಟಿನ ಬಿಳುಪು.

"ಹಾಲು ಕುಡಿದೂ ಕುಡಿದೂ ಹಾಲಿನ ಬಣ್ಣಕ್ಕೇ ಬಂದಿದ್ದಾಳೆ ನೋಡಪ್ಪ," ಎಂದಳು. "ಹೊಟ್ಟೆಯಲ್ಲಿ ಊಟಕ್ಕೆ ಜಾಗ ಎಲ್ಲಿದೆ? ಮೈಯಲ್ಲಿ ರಕ್ತ ಇಲ್ಲ. ಔಷಧಿ ಕೊಡುತ್ತೇನೆ. ಆದರೆ ಮೊದಲು ಬಾಟಲಿ ಬಿಡಿಸು. ಬಟ್ಟಲಲ್ಲಿ ಕುಡಿಸು, ಮುದ್ದೆ ಸಾರು ತಿನ್ನಿಸು. ಎರಡು ತಿಂಗಳು ಬಿಟ್ಟು ಬರುತ್ತೇನೆ. ಆಗಲೂ ಹೀಗೇ ಇದ್ದರೆ ದೊಡ್ಡಾಸ್ಪತ್ರೆಗೇ ಹೊತ್ತುಕೊಂಡು ಹೋಗಬೇಕು. ಅಲ್ಲಿಗೂ ತಡವಾದರೆ ನನ್ನನ್ನು ಕೇಳಬೇಡ."

"ಬಟ್ಟಲು ತಾನೇ?" ಎಂದ ಕುಂಬಾರ. "ಬಟ್ಟಲು ಅಂದರೆ ಏನು ಅಂತ ನನಗೆ ಹೇಳಿಕೊಡಬೇಡಿ, ತಾಯಿ."

ಅವನು ಒಂದು ಬಟ್ಟಲು ಮಾಡಿದ. ಅಂಗೈಯಷ್ಟು ದೊಡ್ಡದು, ಅಗಲ ಬಾಯಿ. ಮಗು ಎರಡೂ ಕೈಯಲ್ಲಿ ಎತ್ತಿತು. ಹಾಲು ಅರ್ಧ ಎದೆಯ ಮೇಲೆ, ಅರ್ಧ ನೆಲದ ಮೇಲೆ. ತುಂಬಿದ ಸಂತೆಯಲ್ಲಿ ಯಾರೋ ತನ್ನ ಗಡಿಗೆಯನ್ನು ಹಿಂದಿರುಗಿಸಿದ ಹಾಗಾಯಿತು ಕುಂಬಾರನಿಗೆ. ಬಟ್ಟಲನ್ನು ಕಿತ್ತುಕೊಂಡ. "ಬಾಯಿ ಅಗಲವಾಯಿತು," ಎಂದ. ಮಗು ಅತ್ತಿತು. ತಾಯಿ ಬಾಟಲಿ ಕೊಟ್ಟಳು.

ಎರಡನೆಯದರ ಬಾಯಿಯನ್ನು ಒಳಕ್ಕೆ ಬಾಗಿಸಿದ. ಕಡಿಮೆ ಚೆಲ್ಲಿತು. ಆದರೂ ಚೆಲ್ಲಿತು ತಾನೇ? ಅದನ್ನೂ ಕಿತ್ತುಕೊಂಡ. ಮೂರನೆಯದಕ್ಕೆ ಕತ್ತು ಮಾಡಿದ. ನಾಲ್ಕನೆಯದಕ್ಕೆ ಮುಚ್ಚಳ ಕೂರಿಸಿದ, ಮುಚ್ಚಳದಲ್ಲಿ ಒಂದು ತೂತು. ಒಂದೊಂದೂ ಒಣಗಬೇಕು, ಆವಿಗೆಯ ಬೆಂಕಿಯಲ್ಲಿ ಬೇಯಬೇಕು, ಆರಬೇಕು. ದಿನಗಳು ತಿಗರಿಯ ಹಾಗೆ ನಿಂತಲ್ಲೇ ತಿರುಗುತ್ತಿದ್ದವು. ಬಾಟಲಿ ತುಂಬುತ್ತಿತ್ತು, ಬರಿದಾಗುತ್ತಿತ್ತು. ಎಂಟು ಹೆಜ್ಜೆ ಐದಾಯಿತು.

ಐದನೆಯದಕ್ಕೆ ಒಂದು ಸಣ್ಣ ಮೂತಿ ಇಟ್ಟ. ಮಗು ಆ ಮೂತಿಯನ್ನು ಬಾಯಿಗಿಟ್ಟುಕೊಂಡು ಮಲಗಿತು. ಕಣ್ಣು ಅರ್ಧ ಮುಚ್ಚಿತು. ಒಂದು ಹನಿ ಚೆಲ್ಲಲಿಲ್ಲ. ಕುಂಬಾರ ಅದನ್ನು ಬೀದಿಯ ತುದಿಯವರೆಗೆ ಹಿಡಿದುಕೊಂಡು ಹೋಗಿ, ಮನೆ ಮನೆಯ ಮುಂದೆ ಬಗ್ಗಿಸಿ ತೋರಿಸಿ ಬಂದ.

ಅವನ ಹೆಂಡತಿ ಅದನ್ನು ಕೈಗೆ ತೆಗೆದುಕೊಂಡು ಒಂದು ಸುತ್ತು ತಿರುಗಿಸಿ ನೋಡಿದಳು.

"ಚೆನ್ನಾಗಿದೆ," ಎಂದಳು. "ಸಂತೆಯಲ್ಲಿ ಸಿಗುವ ಬಾಟಲಿ ಮಾಡುವುದಕ್ಕೆ ನಿಮಗೆ ಒಂದೂವರೆ ತಿಂಗಳು ಬೇಕಾಯಿತೇ?"

ಅವನು ಅದನ್ನು ಅವಳ ಕೈಯಲ್ಲೇ ಬಿಟ್ಟು ತಿಗರಿಯ ಬಳಿ ಹೋಗಿ ಕೂತ. ನರ್ಸಮ್ಮ ಬರುವುದಕ್ಕೆ ಇನ್ನು ಹದಿನೈದು ದಿನ ಉಳಿದಿತ್ತು.

ಆ ಮಧ್ಯಾಹ್ನ ಅವನಿಗೆ ತಿಗರಿಯ ಪಕ್ಕದಲ್ಲೇ ಜೊಂಪು ಹತ್ತಿತು. ಕನಸಿನಲ್ಲಿ ಒಂದು ಹೊಳೆ. ಅವನು ಅದುವರೆಗೆ ಮಾಡಿದ ಗಡಿಗೆ, ಕುಡಿಕೆ, ಬಟ್ಟಲುಗಳೆಲ್ಲ ಅದರ ಮೇಲೆ ತೇಲಿ ಬರುತ್ತಿದ್ದವು. ಯಾವುದಕ್ಕೂ ಬಾಯಿ ಇರಲಿಲ್ಲ. ಸುತ್ತ ಅಷ್ಟೊಂದು ನೀರು, ಒಂದರ ಒಳಗೂ ಹನಿ ಹೋಗಿರಲಿಲ್ಲ. ಅವು ಸದ್ದಿಲ್ಲದೆ ಅವನ ಮುಂದೆ ಹಾದುಹೋದವು. ಕೊನೆಗೆ ಬಂದದ್ದು ಬಹಳ ಸಣ್ಣದು. ಅದಕ್ಕೆ ಅರ್ಧ ಮುಚ್ಚಿದ ಕಣ್ಣುಗಳಿದ್ದವು.

ಅವನು ಕಣ್ಣು ಬಿಟ್ಟ. ಮಗಳು ಎದುರಿಗಿದ್ದಳು. ಐದು ಹೆಜ್ಜೆ ನಡೆದು, ಮಿಕ್ಕದ್ದನ್ನು ಅಂಬೆಗಾಲಿನಲ್ಲಿ ಬಂದಿದ್ದಳು. ಅವನ ಮಗ್ಗುಲಲ್ಲಿ ಆ ಮೊದಲನೆಯ ಬಟ್ಟಲಿತ್ತು, ಅಗಲ ಬಾಯಿಯದು. ಸಂತೆಗೆ ಒಯ್ಯಲು ನಾಚಿ ಅದರಲ್ಲಿ ಅವನೇ ರಾಗಿ ಅಂಬಲಿ ಕುಡಿಯುತ್ತಿದ್ದ. ತಳದಲ್ಲಿ ಸ್ವಲ್ಪ ಉಳಿದಿತ್ತು. ಅಪ್ಪ ಕುಡಿಯುವುದನ್ನು ಅವಳು ಅರ್ಧಗಣ್ಣಿನಲ್ಲಿ ದಿನವೂ ನೋಡಿದ್ದಳು. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿದಳು.

ಬಟ್ಟಲು ವಾಲಿತು. ಅವನ ಕೈ ತಾನಾಗಿ ಮುಂದೆ ಹೋಯಿತು. ಮೂವತ್ತು ವರ್ಷ ತಿಗರಿಯ ಮೇಲೆ ವಾಲಿದ್ದನ್ನೆಲ್ಲ ನೇರ ಮಾಡಿದ ಕೈ ಅದು. ಅದಕ್ಕೆ ಬೇರೆ ಏನೂ ಗೊತ್ತಿಲ್ಲ. ಅವನು ಆ ಕೈಯನ್ನು ಹಿಂದಕ್ಕೆ ಎಳೆದು, ತೊಡೆಯ ಕೆಳಗೆ ತೂರಿಸಿ, ಅದರ ಮೇಲೆ ಕೂತ. ಮಣ್ಣು ತುಳಿಯುವುದಕ್ಕೆ, ಗಡಿಗೆ ಹೊರುವುದಕ್ಕೆ ಅವನಿಗೆ ಎಂದೂ ಅಷ್ಟು ಬಲ ಬೇಕಾಗಿರಲಿಲ್ಲ.

ಅಂಬಲಿ ಅವಳ ಗಲ್ಲದ ಮೇಲೆ ಹರಿಯಿತು, ಎದೆಗೆ ಇಳಿಯಿತು, ನೆಲಕ್ಕೆ ಬಿತ್ತು. ಒಂದು ಗುಟುಕು ಒಳಗೆ ಹೋಯಿತು. ಅದು ಗಂಟಲಲ್ಲಿ ಇಳಿದ ಸದ್ದು ಅವನಿಗೆ ಕೇಳಿಸಿತು. ಅವಳು ತುಟಿ ಸವರಿಕೊಂಡು ಅಪ್ಪನನ್ನು ನೋಡಿದಳು. ಕಣ್ಣು ಪೂರ್ತಿ ತೆರೆದಿತ್ತು.

"ಇನ್ನೂ," ಎಂದಳು.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ಏನ್ರೀ, ನಿಮ್ಮ ಬಟ್ಟಲು ಚೆಲ್ಲುತ್ತಿದೆಯಲ್ಲ?"

"ಚೆಲ್ಲಲಿ ಬಿಡೇ," ಎಂದ ಕುಂಬಾರ. ತಿಗರಿಯ ಮೇಲಿದ್ದ ಒದ್ದೆ ಬಟ್ಟೆಯನ್ನು ತೆಗೆದುಕೊಂಡು ನೆಲ ಒರೆಸಿದ.

ಮರುದಿನ ನಾಲ್ಕು ಗುಟುಕು ಒಳಗೆ ಹೋಯಿತು, ಮಿಕ್ಕದ್ದು ನೆಲಕ್ಕೆ. ಅದರ ಮರುದಿನ ಸಾರಿನಲ್ಲಿ ಅದ್ದಿದ ಮುದ್ದೆಯ ಚೂರನ್ನು ಅವಳೇ ಬಾಯಿಗಿಟ್ಟುಕೊಂಡಳು. ಮೂಗಿಗೆ, ಕೂದಲಿಗೆ, ತಿಗರಿಗೆ ಎಲ್ಲಕ್ಕೂ ಮೆತ್ತಿದಳು. ಅವನು ಒರೆಸುತ್ತ ಹೋದ. ಬಾಟಲಿ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ, ಕೇಳಬೇಕಾದವಳೂ ಕೇಳಲಿಲ್ಲ. ಐದನೆಯ ಬಟ್ಟಲಿನಿಂದ ಹೆಂಡತಿ ದೀಪಕ್ಕೆ ಎಣ್ಣೆ ಬಿಡತೊಡಗಿದಳು. ನಿಜಕ್ಕೂ ಒಂದು ಹನಿ ಚೆಲ್ಲುತ್ತಿರಲಿಲ್ಲ.

ನರ್ಸಮ್ಮ ಬಂದಾಗ ಮಗು ಮನೆಯಲ್ಲಿರಲಿಲ್ಲ. ಮಣ್ಣುಗುಂಡಿಯ ದಾರಿಯಲ್ಲಿ ಅರ್ಧ ದೂರ ಹೋಗಿ, ದಣಿದು, ಕಲ್ಲಿನ ಮೇಲೆ ಕೂತಿತ್ತು. ನರ್ಸಮ್ಮ ಅಲ್ಲಿಗೇ ಹೋಗಿ ರೆಪ್ಪೆ ಎಳೆದು ನೋಡಿದಳು. ಒಳಗೆ ಒಂದು ನಸುಗೆಂಪು ಗೆರೆ ಮೂಡಿತ್ತು. ಅವಳು ಆಸ್ಪತ್ರೆಯ ಮಾತು ಎತ್ತಲಿಲ್ಲ.

ಗುರುಗಳು ಕಣ್ಣು ತೆರೆದರು.

ಚೆನ್ನಮಲ್ಲ ತಲೆ ತಗ್ಗಿಸಿ ನೆಲ ನೋಡುತ್ತಿದ್ದ. "ಆ ಮುದುಕಿಗೆ ನಾನು ಮತ್ತೆ ತಪ್ಪು ಹೇಳಿದರೆ, ಗುರುಗಳೇ?" ಎಂದು ಕೇಳಿದ.

"ನಾಳೆ ಅವಳ ಕೊಟ್ಟಿಗೆಗೆ ನೀನೇ ಹೋಗಿ ಮಾತಾಡು. ಚೆಲ್ಲಿದರೆ ಚೆಲ್ಲಲಿ, ನಿನ್ನ ಹಿಂದೆ ನಾನು ಒರೆಸುವ ಬಟ್ಟೆ ಹಿಡಿದುಕೊಂಡು ಬರುತ್ತೇನೆ."